ಮೂರನೇ ಹೊಡೆತ

ಹವ್ಯಾಸಕ್ಕೆ ಗಾಲ್ಫ್ ಆಡುವ ಹೆಂಗಸರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದು ಇದು. ಗಾಲ್ಫ್ ಗೊತ್ತಿಲ್ಲದವರೂ ನಾಲ್ಕೈದು ಜನ ಬಂದಿದ್ದರು. ಹಾಗಾಗಿ ಅಲ್ಲಲ್ಲಿ ಬಿಡಿಸಿ ಹೇಳಬೇಕಾಯಿತು. ಬರೆಯುವಾಗಲೂ ಅದನ್ನು ಹಾಗೇ ಬಿಟ್ಟಿದ್ದೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಲ್ಫ್ ಆಡುವವರನ್ನು ನೋಡಿಯೇ ಯಾರೋ ಈ ಗಾದೆ ಕಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೊಡೆತ ಕೆಟ್ಟರೆ ನಾವು ಮೊದಲು ನೋಡುವುದು ನೆಲವನ್ನೇ ಅಲ್ವಾ? ಚಳಿಗಾಲದಲ್ಲಿ ಒಂದು ಅನುಕೂಲ ಇದೆ. ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಒದ್ದೆ, ಕೆಸರು, ಅಲ್ಲಲ್ಲಿ ಬೋಳು. ದೂರು ಹೇಳಲು ಬೇಕಾದಷ್ಟು ಸಾಮಗ್ರಿ. ಈ ಚಳಿಗಾಲ ಒಂದು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ನೋಟ್‌ಬುಕ್ ಇಟ್ಟ ಮೇಲೆ ದೂರು ಹೇಳುವುದು ಕಷ್ಟವಾಯಿತು.

ಮೊದಲು ನನ್ನ ಜಾತಕ ಹೇಳಿಬಿಡುತ್ತೇನೆ. ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ 28.4. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾನು ಚೆನ್ನಾಗಿ ಆಡಿದ ದಿನ ಪಾರ್‌ಗಿಂತ, ಅಂದರೆ ನುರಿತವರಿಗೆ ಇಷ್ಟು ಸಾಕು ಎಂದು ಗೊತ್ತು ಮಾಡಿದ ಹೊಡೆತಗಳಿಗಿಂತ, ಸುಮಾರು 28 ಹೊಡೆತ ಜಾಸ್ತಿ ತೆಗೆದುಕೊಳ್ಳುತ್ತೇನೆ. ಚೆನ್ನಾಗಿ ಆಡದ ದಿನದ ಮಾತು ಬೇಡ. ಕಳೆದ ವರ್ಷವೂ ಹೆಚ್ಚುಕಡಿಮೆ ಇಲ್ಲೇ ಇದ್ದೆ. ಈ ಚಳಿಗಾಲ ಒಟ್ಟು 14 ಸುತ್ತು ಆಡಿದೆ. ಪೂರ್ತಿ 18 ಹೋಲ್ ಮುಗಿಸಿದ್ದು 9 ಸಲ. ಉಳಿದ ಸಲ ಬೆಳಕು ಹೋಯಿತು, ಇಲ್ಲ ಮಳೆ ಬಂತು. ಒಂದು ಸಲ ಸುಮ್ನೆ ಬೇಜಾರಾಗಿ ಹನ್ನೆರಡನೇ ಹೋಲ್‌ನಿಂದ ಎದ್ದು ಬಂದೆ.

ಚಳಿಗಾಲ ಏನು ಕಸಿದುಕೊಳ್ಳುತ್ತದೆ? ಮೊದಲನೆಯದಾಗಿ ದೂರ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ಚೆಂಡನ್ನು ಜಾಸ್ತಿ ತಡೆಯುತ್ತದೆ. ಚೆಂಡಿನ ಒಳಗಿನ ರಬ್ಬರು ಚಳಿಗೆ ಬಿಗಿದುಕೊಂಡು ಮೊದಲಿನಷ್ಟು ಪುಟಿಯುವುದಿಲ್ಲ. ನಾವೂ ಅಷ್ಟೇ, ಮೂರು ಪದರ ಬಟ್ಟೆ ಹಾಕಿಕೊಂಡು ನಿಂತರೆ ಭುಜ ಅರ್ಧಕ್ಕೇ ನಿಲ್ಲುತ್ತದೆ. ಚೆಂಡನ್ನು ಬೇಕೆಂದೇ ಬಿಸಿ ಮಾಡಿ ಆಡುವಂತೆಯೂ ಇಲ್ಲ, ನಿಯಮ 4.2 ಅದನ್ನು ತಡೆಯುತ್ತದೆ. ನಾನು ಮಾಡುವುದು ಇಷ್ಟೇ. ಬ್ಯಾಗನ್ನು ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬಿಡುವುದಿಲ್ಲ, ಮನೆಯೊಳಗೆ ತರುತ್ತೇನೆ.

ಇದೆಲ್ಲಾ ಚಿಲ್ಲರೆ ಕಳ್ಳತನ. ದೊಡ್ಡ ಕಳ್ಳ ನೆಲವೇ. ಬೇಸಿಗೆಯಲ್ಲಿ ನನ್ನ ಚೆಂಡು ಬಿದ್ದ ಮೇಲೆ ಇಪ್ಪತ್ತು ಯಾರ್ಡ್ ಆರಾಮಾಗಿ ಉರುಳುತ್ತಿತ್ತು. ಆ ಇಪ್ಪತ್ತು ಯಾರ್ಡ್ ನಾನೇ ಹೊಡೆದದ್ದು ಎಂದುಕೊಂಡಿದ್ದೆ. ಚಳಿಗಾಲದಲ್ಲಿ ಬಿದ್ದ ಜಾಗದಲ್ಲೇ ಪಚಕ್ಕನೆ ಕೂರುತ್ತದೆ. ಒಮ್ಮೊಮ್ಮೆ ಅರ್ಧ ಹೂತೇ ಹೋಗಿರುತ್ತದೆ. ಹೂತರೆ ಹೆದರಬೇಡಿ, ತಾನೇ ಮಾಡಿಕೊಂಡ ಗುಂಡಿಯಲ್ಲಿ ಕೂತ ಚೆಂಡನ್ನು ದಂಡ ಇಲ್ಲದೆ ಎತ್ತಿ ಡ್ರಾಪ್ ಮಾಡಬಹುದು, ಅಂದರೆ ಅಲ್ಲೇ ಪಕ್ಕಕ್ಕೆ ಕೈಯಿಂದ ಬೀಳಿಸಬಹುದು. 2019ರ ನಿಯಮಗಳು ಬಂದ ಮೇಲೆ ಇದು ರಫ್‌ನಲ್ಲೂ, ಅಂದರೆ ಪಕ್ಕದ ಉದ್ದ ಹುಲ್ಲಿನಲ್ಲೂ ಸಿಗುತ್ತದೆ. ಎಷ್ಟೋ ಜನ ಇನ್ನೂ ಫೇರ್‌ವೇಗೆ, ನಡುವಿನ ಕತ್ತರಿಸಿದ ಹುಲ್ಲಿಗೆ ಮಾತ್ರ ಅಂದುಕೊಂಡಿದ್ದಾರೆ. ನಾನು ಕೂಡ ಹಾಗೇ ಅಂದುಕೊಂಡು ಎರಡು ಹೊಡೆತ ಸುಮ್ನೆ ಕಳೆದುಕೊಂಡಿದ್ದೇನೆ.

ನೆಲ ತೀರಾ ಒದ್ದೆಯಾದಾಗ ಟ್ರಾಲಿ ಒಳಗೆ ಬಿಡುವುದಿಲ್ಲ. ಗಾಲಿ ಹೋದ ಕಡೆಯೆಲ್ಲ ಮಣ್ಣು ಅದುಮಿಕೊಂಡು ಹುಲ್ಲು ಹಾಳಾಗುತ್ತದೆ. ಹಾಗಾಗಿ ಬ್ಯಾಗು ಹೆಗಲಿಗೆ. ನಿಯಮದ ಪ್ರಕಾರ 14 ಕ್ಲಬ್‌ವರೆಗೆ, ಅಂದರೆ ಹೊಡೆಯುವ ಕೋಲು, ಒಯ್ಯಬಹುದು, ಆದರೆ 14 ಹೊತ್ತುಕೊಂಡು ಕೆಸರಲ್ಲಿ ನಡೆಯುವುದು ನನ್ನಿಂದ ಆಗದ ಕೆಲಸ. ಏಳಕ್ಕೆ ಇಳಿಸಿದೆ. 3 ವುಡ್, 5 ಹೈಬ್ರಿಡ್, 6 ಐರನ್, 8 ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟ್ಟರ್. ದೂರ ಹೊಡೆಯುವುದರಿಂದ ಹಿಡಿದು ಕುಳಿಗೆ ತಳ್ಳುವುದರವರೆಗೆ ಅದೇ ಕ್ರಮ. ಎಲ್ಲಕ್ಕಿಂತ ಉದ್ದದ ಕ್ಲಬ್ಬಾದ ಡ್ರೈವರ್ ಮನೆಯಲ್ಲಿ ಬಾಗಿಲ ಹಿಂದೆ ನಿಂತಿತು. ಮೊದಲ ದಿನ ಏನೋ ಕಳಕೊಂಡ ಹಾಗಾಗಿತ್ತು. ಮೂರನೇ ವಾರಕ್ಕೆ ಗೊತ್ತಾಯಿತು, 3 ವುಡ್‌ನಲ್ಲಿ ಹೊಡೆದ ಚೆಂಡು ಗಾಳಿಯಲ್ಲಿ ಡ್ರೈವರ್‌ನಷ್ಟೇ ದೂರ ಹೋಗುತ್ತಿದೆ. ಇದರಲ್ಲಿ ಮಾಯ ಏನೂ ಇಲ್ಲ. ನನ್ನಂಥ ನಿಧಾನ ಸ್ವಿಂಗ್‌ನವರಿಗೆ ಚೆಂಡು ಮೇಲೇಳಬೇಕಾದರೆ ಕ್ಲಬ್ ಮುಖ ಹೆಚ್ಚು ವಾಲಿರಬೇಕು. ಕಡಿಮೆ ವಾಲಿದ ಡ್ರೈವರ್‌ನಲ್ಲಿ ಚೆಂಡು ತಗ್ಗಾಗಿ ಹೋಗಿ ಬೇಗ ಬೀಳುತ್ತದೆ, ಆಮೇಲೆ ಉರುಳಿ ಉರುಳಿ ಮಾನ ಉಳಿಸುತ್ತದೆ. ಒದ್ದೆ ನೆಲದಲ್ಲಿ ಆ ಉರುಳಾಟವೇ ಇಲ್ಲ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಇದು ಬರೀ ಕೂಡಿಸುವ ಕಳೆಯುವ ಲೆಕ್ಕ.

ಕೋರ್ಸ್‌ಗಳು ಎಷ್ಟು ಕಷ್ಟ ಎಂದು ಅಳೆಯುವ ರೇಟಿಂಗ್ ಪದ್ಧತಿಯಲ್ಲಿ ಬೋಗಿ ಗಾಲ್ಫರ್ ಎಂದು ಒಬ್ಬ ಮಾದರಿ ಆಟಗಾರ್ತಿ ಇದ್ದಾಳೆ. ಅವಳ ಹ್ಯಾಂಡಿಕ್ಯಾಪ್ ಸುಮಾರು 24. ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, 150 ಯಾರ್ಡ್ ಹೊಡೆಯುತ್ತಾಳೆ. ಎರಡು ಹೊಡೆತದಲ್ಲಿ 280 ಯಾರ್ಡ್ ದೂರದ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಮುಟ್ಟುತ್ತಾಳೆ. ಗಂಡಸರ ಮಾದರಿಗೆ ಇದೇ ಅಂಕಿ 200 ಮತ್ತು 370. ಸ್ಕ್ರಾಚ್ ಮಟ್ಟದ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವ ಹೆಂಗಸಿಗೆ 210 ಮತ್ತು 400. ಇದನ್ನು ಮೊದಲ ಸಲ ಓದಿದಾಗ ನನಗೆ ಅವಮಾನ ಆಗಲಿಲ್ಲ, ಸಮಾಧಾನ ಆಯಿತು. ನಾನು ಇಷ್ಟೇ ದೂರ ಹೊಡೆಯುತ್ತೇನೆ ಎಂದು ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ!

ಈಗ 340 ಯಾರ್ಡ್‌ನ ಒಂದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ತೆಗೆದುಕೊಳ್ಳಿ. ಆ ಮಾದರಿ ಹೆಂಗಸು ಎರಡು ಒಳ್ಳೆಯ ಹೊಡೆತ ಹೊಡೆದರೂ ಅವಳಿಗೆ ಇನ್ನೂ 60 ಯಾರ್ಡ್ ಉಳಿದಿರುತ್ತದೆ. ಚಳಿಗಾಲದಲ್ಲಿ ನನ್ನ ಟೀ ಹೊಡೆತ 135, ಹೈಬ್ರಿಡ್ 120. ಎರಡೂ ಚೆನ್ನಾಗಿ ಬಿದ್ದರೆ 255. ಉಳಿದದ್ದು 85. ಅಂದರೆ ಎಷ್ಟೇ ಒದ್ದಾಡಿದರೂ ನನಗೆ ಪಾರ್ 4 ಅನ್ನುವುದು ಮೂರು ಹೊಡೆತದಲ್ಲಿ ಮುಟ್ಟುವ ಹೋಲ್. ಮೂರನೆಯದು ಗ್ರೀನ್ ಮೇಲೆ ನಿಂತು, ಕುಳಿಗೆ ತಳ್ಳುವ ಹೊಡೆತ ಅಂದರೆ ಪಟ್ ಎರಡು ಆದರೆ ಐದು. ಪಾರ್‌ಗಿಂತ ಒಂದು ಜಾಸ್ತಿ, ಅದು ಬೋಗಿ. ಪಾರ್ 72 ಇರುವ ಕೋರ್ಸ್‌ನಲ್ಲಿ 18 ಹೋಲ್‌ನಲ್ಲೂ ಬೋಗಿ ಮಾಡಿದರೆ 90. ನನ್ನ ಒಳ್ಳೆಯ ದಿನದ ಮೊತ್ತ 100ರ ಆಚೆ ಈಚೆ.

ಒಂದು ಪಾರ್ ಕೂಡ ಮಾಡದೆ ನಾನು ನನ್ನ ಒಳ್ಳೆಯ ದಿನಕ್ಕಿಂತ ಹತ್ತು ಹೊಡೆತ ಕಡಿಮೆ ಆಡಬಹುದು. ಇಷ್ಟು ವರ್ಷ ನಾನು ಪಾರ್ ಹಿಂದೆ ಓಡುತ್ತಿದ್ದೆ. ಎರಡನೇ ಹೊಡೆತದಲ್ಲಿ ಗ್ರೀನ್ ಮುಟ್ಟಬೇಕೆಂದು ಹಲ್ಲು ಕಚ್ಚಿ ಬೀಸುತ್ತಿದ್ದೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂತಾರಲ್ಲ, ಥೇಟ್ ಅದೇ. ಮುಟ್ಟಲಾಗದ ಜಾಗಕ್ಕೆ ಬೀಸಿ, ಮುಟ್ಟಬಹುದಾದ ಹೊಡೆತವನ್ನು ಅಭ್ಯಾಸವೇ ಮಾಡಿರಲಿಲ್ಲ.

ಆಗ ನೋಟ್‌ಬುಕ್ ಶುರುವಾಯಿತು. ಪೂರ್ತಿ ಆಡಿದ 9 ಸುತ್ತಿನಲ್ಲಿ, ಸುತ್ತಿಗೆ 10ರಂತೆ 90 ಪಾರ್ 4. ಎರಡನೇ ಹೊಡೆತವೇ ಪೊದೆಗೆ ಹೋದದ್ದು, ನೀರಿಗೆ ಹೋದದ್ದು ಬಿಟ್ಟರೆ 78 ಸಲ ಮೂರನೇ ಹೊಡೆತಕ್ಕೆ ಗ್ರೀನ್ ಎಟುಕುವಷ್ಟು ಹತ್ತಿರ ಇತ್ತು. ಗ್ರೀನ್ ಮೇಲೆ ನಿಂತದ್ದು 26. ತಪ್ಪಿದ್ದು 52. ಆ 52ರಲ್ಲಿ ಪಕ್ಕಕ್ಕೆ ಹೋದದ್ದು 11, ಗ್ರೀನ್ ದಾಟಿದ್ದು 4. ಉಳಿದ 37 ಗಿಡ್ಡ ಬಿದ್ದದ್ದು.

ಗ್ರೀನ್ ದಾಟಿದ್ದು ನಾಲ್ಕೇ ನಾಲ್ಕು. ಇದರ ಅರ್ಥ ಏನು? ನಾನು ಕ್ಲಬ್ ಆರಿಸುವಾಗ ಎಂದೋ ಒಂದು ಸಲ ಅದೃಷ್ಟಕ್ಕೆ ಬಿದ್ದ ಹೊಡೆತದ ದೂರ ನೆನಪಿಟ್ಟುಕೊಂಡು ಆರಿಸುತ್ತಿದ್ದೇನೆ. 8 ಐರನ್ ಒಮ್ಮೆ ಬೇಸಿಗೆಯಲ್ಲಿ 100 ಹೋಗಿತ್ತು. ಗಟ್ಟಿ ನೆಲ, ಹಿಂದಿನಿಂದ ಗಾಳಿ. ಅಂದಿನಿಂದ ನನ್ನ ತಲೆಯಲ್ಲಿ 8 ಐರನ್ ಅಂದರೆ 100. ನಿಜವಾಗಿ ಅದು ಹಾರುವುದು 85. ಚಳಿಗಾಲ ಉರುಳಾಟ ಕಿತ್ತುಕೊಂಡದ್ದರಿಂದ ಯಾವ ಕ್ಲಬ್ ಎಷ್ಟು ಹಾರುತ್ತದೆ ಎಂದು ಕಣ್ಣಿಗೆ ಕಂಡಿತು. ಚೆಂಡು ಬಿದ್ದ ಗುಂಡಿ ಅಲ್ಲೇ ಇರುತ್ತದಲ್ಲ, ಹೆಜ್ಜೆ ಹಾಕಿ ಎಣಿಸಿದರೆ ಮುಗಿಯಿತು. ಏಳು ಕ್ಲಬ್‌ಗೂ ಒಂದೊಂದು ಅಂಕಿ ಬರೆದು ಬ್ಯಾಗಿನ ಪಟ್ಟಿಗೆ ಅಂಟಿಸಿದ್ದೇನೆ. ನೋಡಿದವರು ನಗುತ್ತಾರೆ, ನಗಲಿ.

ಗಿಡ್ಡ ಬೀಳಲು ಇನ್ನೊಂದು ಕಾರಣವೂ ಇತ್ತು. ಅದನ್ನು ಒಂದು ಹೊಡೆತದ ಕಥೆಯಾಗಿಯೇ ಹೇಳುತ್ತೇನೆ. ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಅದು ಕರಗುವವರೆಗೆ ಗ್ರೀನ್ ಮೇಲೆ ಕಾಲಿಡಬಾರದು ಎಂದು ನಮ್ಮನ್ನು ಒಂದು ಗಂಟೆ ಕಾಯಿಸಿದರು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಅದರ ಎಸಳು ಒಳಗೇ ಒಡೆಯುತ್ತದೆ, ಆಮೇಲೆ ನಮ್ಮ ಹೆಜ್ಜೆ ಕಂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಸರಿ, ಶುರು ಮಾಡಿದೆವು. ಏಳನೇ ಹೋಲ್. ಎರಡು ಹೊಡೆತ ನೆಟ್ಟಗೆ ಹೋಗಿವೆ. 50 ಯಾರ್ಡ್ ಉಳಿದಿದೆ. ಕೈಯಲ್ಲಿ ಸ್ಯಾಂಡ್ ವೆಡ್ಜ್. ಗ್ರೀನ್ ದೊಡ್ಡದು, ಬಂಕರ್ ಅನ್ನುವ ಮರಳು ಗುಂಡಿ ಒಂದೇ, ಅದೂ ದೂರದಲ್ಲಿ. ಬೀಸಿದೆ. ಚೆಂಡಿಗಿಂತ ಎರಡು ಇಂಚು ಹಿಂದೆ ಕ್ಲಬ್ ನೆಲಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಅಂಗೈ ಅಗಲದ ಹುಲ್ಲಿನ ಹೆಂಟೆ ಎದ್ದು ಚೆಂಡಿನ ಮೇಲೆಯೇ ಮಗುಚಿಕೊಂಡಿತು. ಒಂದು ಕ್ಷಣ ಚೆಂಡು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಹೆಂಟೆ ಎತ್ತಿ ನೋಡಿದರೆ ಒಂದಡಿ ಮುಂದೆ ಹೋಗಿತ್ತು. ಮುಖದ ಮೇಲೆಲ್ಲ ಕೆಸರು.

ಬೇಸಿಗೆಯಲ್ಲಿ ಇದೇ ತಪ್ಪನ್ನು ನಾನು ನೂರು ಸಲ ಮಾಡಿದ್ದೇನೆ. ಆಗ ಗೊತ್ತಾಗಲಿಲ್ಲ ಅಷ್ಟೇ. ಒಣಗಿದ ಗಟ್ಟಿ ನೆಲಕ್ಕೆ ಹಿಂದೆ ತಾಗಿದ ಕ್ಲಬ್ ಜಾರಿ ಮುಂದೆ ಹೋಗಿ ಚೆಂಡನ್ನು ಹೇಗೋ ತಳ್ಳುತ್ತದೆ. ಪ್ರಾಕ್ಟೀಸ್ ರೇಂಜ್‌ನ ಮ್ಯಾಟ್ ಇನ್ನೂ ಧಾರಾಳಿ. ಅಲ್ಲಿ ಮೂರು ಇಂಚು ಹಿಂದೆ ಹೊಡೆದರೂ ಚೆಂಡು ಟಣ್ಣನೆ ಹಾರುತ್ತದೆ, ನಾವು ಖುಷಿಯಾಗಿ ಇನ್ನೊಂದು ಬಕೆಟ್ ಚೆಂಡು ತರುತ್ತೇವೆ. ಒದ್ದೆ ಮಣ್ಣು ಮಾತ್ರ ಯಾರ ಮುಲಾಜೂ ನೋಡುವುದಿಲ್ಲ.

ಸರಿಪಡಿಸಿಕೊಂಡದ್ದು ಹೇಗೆ ಎಂದು ಕೇಳಿದರೆ, ಪೂರ್ತಿ ಸರಿಯಾಗಿಲ್ಲ. ಆದರೆ ಎರಡು ವಿಷಯ ಕೆಲಸ ಮಾಡುತ್ತಿವೆ. ಒಂದು, ಮೈಭಾರ ಮೊದಲೇ ಮುಂದಿನ ಕಾಲ ಮೇಲೆ ಹಾಕಿ ಅಲ್ಲೇ ಬಿಡುವುದು. ಹಿಂದಿನ ಕಾಲಿಗೆ ವಾಲಿ ಚೆಂಡನ್ನು ಮೇಲೆತ್ತಲು ಹೋದಾಗಲೇ ನಾನು ನೆಲ ಅಗೆಯುವುದು. ಇನ್ನೊಂದು ವೆಡ್ಜ್‌ನ ತಳ. ವೆಡ್ಜ್ ತಿರುಗಿಸಿ ನೋಡಿ, ತಳ ಸ್ವಲ್ಪ ಉಬ್ಬಿರುತ್ತದೆ. ಅದಕ್ಕೆ ಬೌನ್ಸ್ ಅನ್ನುತ್ತಾರೆ. ಅದು ಇರುವುದೇ ಮೆತ್ತನೆ ನೆಲದಲ್ಲಿ, ಮರಳಲ್ಲಿ ಕ್ಲಬ್ ಹೂತುಹೋಗದೆ ಜಾರಲಿ ಎಂದು. ಕೈಯನ್ನು ಚೆಂಡಿಗಿಂತ ತುಂಬಾ ಮುಂದೆ ಒತ್ತಿದರೆ ಈ ಉಬ್ಬು ಮೇಲಕ್ಕೆ ಹೋಗಿ ಚೂಪು ಅಂಚು ನೆಲಕ್ಕೆ ನಾಟುತ್ತದೆ. ಗ್ರೀನ್ ಪಕ್ಕದಿಂದ ಚಿಕ್ಕ ಹೊಡೆತ ಅಂದರೆ ಚಿಪ್ ಮಾಡುವಾಗ ಕೈ ಮುಂದಿರಲಿ ಎಂದು ಯಾರೋ ಹೇಳಿಕೊಟ್ಟದ್ದನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ. ಕೈ ಸ್ವಲ್ಪ ಹಿಂದಕ್ಕೆ ತಂದೆ. ಈಗ ಹೆಂಟೆ ಏಳುವುದು ಅಪರೂಪ, ಹುಲ್ಲು ಸವರಿದ ಸದ್ದು ಬರುತ್ತದೆ. ಆ ಸದ್ದು ಕೇಳಲು ಸಂಜೆ ಹೊತ್ತು ಚೆಂಡಿಲ್ಲದೆಯೇ ಹುಲ್ಲು ಸವರುತ್ತಾ ನಿಂತಿರುತ್ತೇನೆ. ನೋಡಿದವರಿಗೆ ಕಸ ಗುಡಿಸುತ್ತಿದ್ದಾಳೆ ಅನ್ನಿಸಬಹುದು.

ನನ್ನ ಜೊತೆ ಆಡುವ ಹಿರಿಯರೊಬ್ಬರಿದ್ದಾರೆ. ವಯಸ್ಸು 71. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಟೀ ಹೊಡೆತ 115 ಯಾರ್ಡ್ ದಾಟುವುದಿಲ್ಲ. ಈ ಚಳಿಗಾಲ ಪ್ರತಿ ಸಲವೂ ನನ್ನನ್ನು ಸೋಲಿಸಿದ್ದಾರೆ. ಒಂದು ದಿನ ತಡೆಯಲಾರದೆ ಕೇಳಿದೆ, ‘ಅಕ್ಕಾ, ನೀವು ನನಗಿಂತ ಇಪ್ಪತ್ತು ಯಾರ್ಡ್ ಹಿಂದೆ ಇರ್ತೀರಿ. ಹೋಲ್ ಮುಗಿಯೋ ಹೊತ್ತಿಗೆ ಮುಂದೆ ಹೇಗೆ ಹೋಗ್ತೀರಿ?’ ಅವರು ಪಟ್ಟರ್ ಒರೆಸಿಕೊಳ್ಳುತ್ತಾ ಅಂದರು, ‘ನೀನು ಹೊಡೆಯೋಕೆ ಬರ್ತೀಯಮ್ಮ. ನಾನು ಕುಳಿಗೆ ಹಾಕೋಕೆ ಬರ್ತೀನಿ.’

ಅಕ್ಕನ ಆಟ ನೋಡಲು ಚೆಂದವೇನಲ್ಲ. ಎಲ್ಲವೂ ಮೊಣಕಾಲೆತ್ತರದಲ್ಲಿ ಹೋಗುತ್ತವೆ. ಆದರೆ ಗ್ರೀನ್ ಹತ್ತಿರ ಬಂದ ಮೇಲೆ ಅವರು ಒಂದೇ ಒಂದು ಹೊಡೆತವನ್ನೂ ದಂಡ ಮಾಡುವುದಿಲ್ಲ. ಮೇಲ್ಮಟ್ಟದಲ್ಲೂ ಇದು ನಡೆಯುತ್ತದೆ ಅನ್ನುವುದಕ್ಕೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ದಿನಕ್ಕೆ ಎರಡನೇ ಸ್ಥಾನದಲ್ಲಿ ಕಾಲಿಟ್ಟರು. ಪಕ್ಕದಲ್ಲಿ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೊರ್ಡಾ ಟೀಯಿಂದ ಅವರಿಗಿಂತ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಆ ಅಂತರವನ್ನು ಅದಿತಿ ವಾರವಿಡೀ ಪಟ್ಟರ್‌ನಿಂದಲೇ ತುಂಬಿದರು. ಕೊನೆಗೆ ನಾಲ್ಕನೇ ಸ್ಥಾನ, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ನನಗೂ ಅವರಿಗೂ ಆನೆಗೂ ಇರುವೆಗೂ ಇರುವಷ್ಟು ವ್ಯತ್ಯಾಸ. ಆದರೂ ಅಂದು ಟಿವಿ ಮುಂದೆ ಕೂತಿದ್ದಾಗ ಅಕ್ಕನ ಮಾತು ಗೊತ್ತಿದ್ದಿದ್ದರೆ ಇನ್ನೂ ಸ್ವಲ್ಪ ಬೇಗ ಬುದ್ಧಿ ಬರುತ್ತಿತ್ತೇನೋ.

ಪಟ್ಟಿಂಗ್ ವಿಷಯ ಬಂತು. ಚಳಿಗಾಲದಲ್ಲಿ ಅದನ್ನು ಹೊರಗೆ ಕಲಿಯುವುದು ಕಷ್ಟ. ಎಷ್ಟೋ ದಿನ ತಾತ್ಕಾಲಿಕ ಗ್ರೀನ್, ಅಂದರೆ ಫೇರ್‌ವೇಯಲ್ಲೇ ಒಂದು ತುಂಡು ಕತ್ತರಿಸಿ ಕುಳಿ ಕೊರೆದಿರುತ್ತಾರೆ. ಅಲ್ಲಿ ಪಟ್ ಹೋದರೂ ಪುಣ್ಯ, ಹೋಗದಿದ್ದರೂ ಪಾಪವಿಲ್ಲ. ಆ ದಿನಗಳ ಪಟ್ ಲೆಕ್ಕ ನೋಟ್‌ಬುಕ್‌ನಲ್ಲಿ ಬರೆಯಲೇ ಇಲ್ಲ. ಮನೆಯಲ್ಲಿ ಕಾರ್ಪೆಟ್ ಮೇಲೆ ಎರಡು ಟೀ ಕಡ್ಡಿ (ಮೊದಲ ಹೊಡೆತಕ್ಕೆ ಚೆಂಡು ಇಡುವ ಪುಟ್ಟ ಗೂಟ) ನಿಲ್ಲಿಸಿ, ನಡುವೆ ಚೆಂಡು ಮಾತ್ರ ಹಿಡಿಸುವಷ್ಟು ಸಂದು ಬಿಟ್ಟು, ಮೂರಡಿಯಿಂದ ತಳ್ಳುವುದು. ದಿನಕ್ಕೆ 50. ಚೆಂಡಿನ ಅಗಲ 42.67 ಮಿಲಿಮೀಟರ್, ಕುಳಿಯದು 108. ಎರಡೂವರೆ ಪಾಲು ಜಾಗ ಇದೆ ಎಂದು ಗೊತ್ತಿದ್ದರೂ ಹೊರಗೆ ಕೈ ನಡುಗುತ್ತದೆ. ಮನೆಯ ಸಂದು 50 ಮಿಲಿಮೀಟರ್ ಇಟ್ಟಿದ್ದೇನೆ. ಅದರಲ್ಲಿ ತೂರಿಸಿ ಅಭ್ಯಾಸವಾದವಳಿಗೆ ಕುಳಿ ಬಾವಿಯ ಹಾಗೆ ಕಾಣಲಿ ಎಂಬ ಆಸೆ. ಮೂರಡಿಗೇ ಯಾಕೆ ನಿಲ್ಲಿಸಿದೆ ಅಂದರೆ, ವೃತ್ತಿಪರರಲ್ಲಿ ಮೇಲ್ಮಟ್ಟದವರೇ ಎಂಟಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಹಾಕುತ್ತಾರೆ. ನಾನು ಎಂಟಡಿ ತಪ್ಪಿಸಿ ಅಳುವುದು ಬೇಡ.

ಒಂದು ತಪ್ಪೊಪ್ಪಿಗೆ ಇದೆ. ಚಳಿಗಾಲದಲ್ಲಿ ಸ್ಥಳೀಯ ನಿಯಮ ಹಾಕಿದ್ದರೆ ಫೇರ್‌ವೇಯಲ್ಲಿ ಬಿದ್ದ ಚೆಂಡನ್ನು ಎತ್ತಿ, ಒರೆಸಿ, ಹತ್ತಿರದಲ್ಲೇ ಒಳ್ಳೆಯ ಹುಲ್ಲು ನೋಡಿ ಇಡಬಹುದು. ಕುಳಿಗೆ ಹತ್ತಿರವಾಗಿ ಇಡುವಂತಿಲ್ಲ ಅಷ್ಟೇ. ಕೆಸರು ಮೆತ್ತಿದ ಚೆಂಡು ಎತ್ತೆತ್ತಲೋ ಹೋಗುವುದರಿಂದ ಇದು ನ್ಯಾಯವೇ. ಆದರೆ ನನಗೆ ಚಟವಾಯಿತು. ಹುಲ್ಲಿನ ತುದಿಯ ಮೇಲೆ ಚೆಂಡನ್ನು ಮೊಟ್ಟೆಯ ಹಾಗೆ ಕೂರಿಸಿ ಹೊಡೆದು ಹೊಡೆದು, ಒಂದು ದಿನ ನಿಯಮ ಇಲ್ಲದಾಗ ಬೋಳು ನೆಲದಲ್ಲಿ ಕೂತ ಚೆಂಡಿನ ಮುಂದೆ ನಿಂತು ಕೈಕಾಲು ಆಡಲಿಲ್ಲ. ಅಂದಿನಿಂದ ಸ್ಪರ್ಧೆ ಇಲ್ಲದ ದಿನ ಚೆಂಡು ಮುಟ್ಟುವುದಿಲ್ಲ, ಬಿದ್ದ ಹಾಗೇ ಆಡುತ್ತೇನೆ. ನೋಟ್‌ಬುಕ್‌ನ 26 ಇನ್ನೂ ಜಾಸ್ತಿ ಆಗದಿರುವುದಕ್ಕೆ ಇದೂ ಒಂದು ಕಾರಣ ಎಂದು ನಾನೇ ನನಗೆ ಹೇಳಿಕೊಳ್ಳುತ್ತೇನೆ. ನೋಡಿ, ಮತ್ತೆ ನೆಲ ಡೊಂಕು!

ಇನ್ನು ಆಸೆಯ ಮಾತು. 2020ರಿಂದ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಒಳ್ಳೆಯ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಉಳಿದ ಹನ್ನೆರಡು ಎಷ್ಟೇ ಹೊಲಸಾಗಿದ್ದರೂ ಕೇಳುವವರಿಲ್ಲ. ನನಗೆ ಈ ಪದ್ಧತಿ ತುಂಬಾ ಇಷ್ಟ. ಈ ಬೇಸಿಗೆ ಮುಗಿಯುವುದರೊಳಗೆ 25ಕ್ಕೆ ಇಳಿಯಬೇಕು ಎಂದುಕೊಂಡಿದ್ದೇನೆ. 3.4 ಇಳಿಯಬೇಕು. ಎಂಟು ಸುತ್ತು ಸೇರಿ ಸುಮಾರು 27 ಹೊಡೆತ. ಒಂದು ಸುತ್ತಿನಲ್ಲಿ ಹೇಳುವುದಾದರೆ ಐದು ಹೋಲ್‌ಗೆ ಒಂದು ಹೊಡೆತ. ಹಾಗೆ ಹೇಳಿದರೆ ಗುರಿ ಅಷ್ಟೇನೂ ಹೆದರಿಸುವುದಿಲ್ಲ. ಮೂರನೇ ಹೊಡೆತ ಗ್ರೀನ್ ಮೇಲೆ ನಿಂತದ್ದು 78ರಲ್ಲಿ 26 ಇದ್ದದ್ದು 39ಕ್ಕೆ ಏರಿದರೂ ಅದರಲ್ಲಿ ಅರ್ಧಕ್ಕೆ ಹತ್ತಿರ ಅಲ್ಲೇ ಸಿಗುತ್ತದೆ.

ವ್ಯಾಯಾಮ ಮಾಡುತ್ತಿದ್ದೀರಾ ಎಂದು ಒಬ್ಬರು ಕೇಳಿದರು. ಸೊಂಟ, ಭುಜ ತಿರುಗಿಸುವುದು ಹತ್ತು ನಿಮಿಷ, ಮನಸ್ಸು ಬಂದ ದಿನ.

ಹಿಂದಿನ ಸಾಲಿನಿಂದ ಇನ್ನೊಬ್ಬರು, ‘ಹಾಗಾದ್ರೆ ಡ್ರೈವರ್ ಮಾರಿಬಿಡ್ತೀರಾ?’ ಅಂದರು. ಎಲ್ಲರೂ ನಕ್ಕರು. ಇಲ್ಲ, ಮಾರುವುದಿಲ್ಲ. ಮೂರನೇ ಹೊಡೆತದ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದೇನೆ ನಿಜ, ಆದರೆ ಗಟ್ಟಿ ನೆಲದಲ್ಲಿ ಡ್ರೈವರ್ ಹೊಡೆದ ಚೆಂಡು ಉರುಳುತ್ತಾ ಉರುಳುತ್ತಾ ಹೋಗುವುದನ್ನು ನೋಡುವ ಸುಖ ಬಿಡಲು ನನ್ನಿಂದ ಆಗುವುದಿಲ್ಲ. ನೆಲ ಒಣಗಿದ ಮೊದಲ ಭಾನುವಾರ ಅದನ್ನು ಬ್ಯಾಗಿಗೆ ಹಾಕುತ್ತೇನೆ. ಪಾಪ, ನಾಲ್ಕು ತಿಂಗಳಿಂದ ಬಾಗಿಲ ಹಿಂದೆ ನಿಂತಿದೆ. ಅದರ ಅಂಕಿಯನ್ನೂ ಪಟ್ಟಿಗೆ ಸೇರಿಸಬೇಕು. ಚೆಂಡು ಎಲ್ಲಿ ಬಿತ್ತು ಎಂದು ನೋಡಿ ಎಣಿಸುವುದು, ಎಲ್ಲಿಗೆ ಉರುಳಿ ನಿಂತಿತು ಎಂದಲ್ಲ. ಅಕ್ಕನಿಗೆ ಹೇಳಿದ್ದೇನೆ, ಅಲ್ಲಿ ನಿಂತು ನೋಡಿ ಹೇಳುವುದು ಅವರ ಕೆಲಸ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ.